ಪಾಲು ಅಂದ್ರ ಯಾತರದು?

ಹುಮನಾಬಾದಿನ ಹತ್ತಿರ ಜಲಸಂಗ್ವಿ ಅಂತ ಒಂದು ಹಳ್ಳಿ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿ ಇದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಸಿಂಗಾರದ ಗೊಡವೆ ಬಿಟ್ಟು ಬರೆಯುತ್ತ ನಿಂತಿದ್ದಾಳೆ. ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಒಂಬೈನೂರು ವರ್ಷ ಆಯಿತು, ಇನ್ನೂ ನಮಗೆ ಬೆನ್ನು ಹಾಕಿಯೇ ಬರೆಯುತ್ತಿದ್ದಾಳೆ. ಆಕೆಯನ್ನು ನೋಡಿದಾಗಲೆಲ್ಲ ಕಲೆ ತಿಳಿದವರಿಗೆ ಏನೇನೋ ಹೊಳೆಯಬಹುದು. ನನಗೆ ಮಾತ್ರ ನನ್ನ ಗಣಿತದ ಮೇಷ್ಟ್ರುಗಳು ನೆನಪಾಗುತ್ತಾರೆ. ಅವರ ಮುಖಕ್ಕಿಂತ ಬೆನ್ನು ನನಗೆ ಚೆನ್ನಾಗಿ ಗುರುತು. ಹಲಗೆಯ ಮೇಲೆ ಎಡದಿಂದ ಬಲಕ್ಕೆ ಬರೆಯುತ್ತ ಹೋಗುವರು, ಕೊನೆಯಲ್ಲಿ 'ಆದ್ದರಿಂದ' ಎಂದು ಎರಡು ಗೆರೆ ಎಳೆಯುವರು, ಅಳಿಸುವರು. ಆ 'ಆದ್ದರಿಂದ' ಯಾತರಿಂದ ಅನ್ನುವುದು ಅವರ ಬೆನ್ನಿನ ಹಿಂದೆ ಕೂತ ನಲವತ್ತು ಮಂದಿಗೆ ತಿಳಿಯುತ್ತಿರಲಿಲ್ಲ. ನಲವತ್ತೊಂದನೆಯವರಾದ ಮೇಷ್ಟ್ರಿಗೆ ತಿಳಿದಿತ್ತೋ ಇಲ್ಲವೋ, ಆ ಅನುಮಾನ ಬಂದದ್ದು ನಾನು ನಿವೃತ್ತನಾದ ಮೇಲೆ.

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಹಾಗಾಗಿ ಗಣಿತ ಬಲ್ಲವನೆಂದು ಮನೆಯವರು ತಿಳಿದಿದ್ದಾರೆ. ಬ್ಯಾಂಕಿನವರಿಗೆ ಕೂಡಿಸುವುದು, ಕಳೆಯುವುದು ಬಂದರೆ ಸಾಕು, ಉಳಿದದ್ದನ್ನು ಬಡ್ಡಿಯೇ ನೋಡಿಕೊಳ್ಳುತ್ತದೆ. ಆ ಕಳೆಯುವುದನ್ನು ಕಲಿತ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ.

ಬಸವಕಲ್ಯಾಣದಲ್ಲಿ ಎರಡನೆಯ ಇಯತ್ತೆ. ಹಲಗೆಯ ಮೇಲೆ ಐವತ್ತೆರಡರಲ್ಲಿ ಇಪ್ಪತ್ತೇಳು. ಮೇಷ್ಟ್ರು ಅಂದರು: "ಎರಡರಾಗ ಏಳು ಹೋಗಂಗಿಲ್ಲ. ಮಗ್ಗಲ ಮನಿಯಿಂದ ಒಂದು ಸಾಲ ತಗೋ. ಈಗ ಹನ್ನೆರಡಾಯ್ತು." ನಾನು ಹುಟ್ಟಿದ್ದು ಅಡತಿ ವ್ಯಾಪಾರದ ಮನೆಯಲ್ಲಿ. ಸಾಲ ಎಂಬ ಮಾತು ಕಿವಿಗೆ ಬಿದ್ದರೆ ಎರಡು ಪ್ರಶ್ನೆ ತಾವಾಗಿ ಏಳುತ್ತಿದ್ದವು. ಎದ್ದು ನಿಂತು ಕೇಳಿಯೇಬಿಟ್ಟೆ: "ತಂದದ್ದು ಒಂದು, ಹತ್ತು ಹ್ಯಾಂಗಾಯ್ತ್ರಿ ಸರ್? ಮತ್ತ ತಿರುಗಿ ಯಾವಾಗ ಕೊಡೋದ್ರಿ?" ಪ್ರಶ್ನೆ ಎರಡು, ಬಿದ್ದ ಏಟು ಮೂರು. ಅಲ್ಲೂ ಬಡ್ಡಿ.

ಆಮೇಲೆ ನಾನು ಕೇಳಲಿಲ್ಲ. ಸಾಲ ತರುತ್ತಲೇ ಇದ್ದೆ, ಲೆಕ್ಕ ಸರಿ ಬರುತ್ತಲೇ ಇತ್ತು. ಹತ್ತಕ್ಕೆ ಹತ್ತು ಅಂಕ ಸಿಗುತ್ತಿದ್ದವು. ಅಂಕ ಬರುವ ಹುಡುಗನಿಗೆ ತಿಳಿದಿಲ್ಲ ಎಂದು ಯಾರಿಗೆ ಗೊತ್ತಾಗಬೇಕು? ನೆರೆಮನೆಯ ಐದು ಮಾತ್ರ ಪಾಪ, ನಾಲ್ಕಾಗಿ ಬಾಯಿಮುಚ್ಚಿ ನಿಂತಿರುತ್ತಿತ್ತು.

ಮನೆಯಲ್ಲಿ ಮುತ್ಯಾ ಇದ್ದ. ಅವನು ಶಾಲೆಗೆ ಹೋದದ್ದು ಸ್ವಲ್ಪವೇ. ಗಾಂವಠಿ ಶಾಲೆ, ಅಯ್ಯನವರು, ಮರಳಿನ ಮೇಲೆ ಬೆರಳು. ಆದರೆ ಪಾವಕಿ, ನಿಮಕಿ, ಸವಾಯಕಿ, ದೀಡಕಿ, ಅಡೀಚಕಿ, ಔಟಕಿ ಎಲ್ಲ ಬಾಯಿಪಾಠ. ಅಂದರೆ ಕಾಲು, ಅರ್ಧ, ಒಂದೂಕಾಲು, ಒಂದೂವರೆ, ಎರಡೂವರೆ, ಮೂರೂವರೆಗಳ ಮಗ್ಗಿ. ಔಟ ಏಳಲೇ? ಎಂದರೆ ಸಾಡೇ ಚೋವೀಸ್ ಎಂದು ಎಲೆಯಡಿಕೆ ಉಗುಳುವ ಮೊದಲೇ ಹೇಳುತ್ತಿದ್ದ. ನಾವು ಒಂದರಿಂದ ಇಪ್ಪತ್ತರ ಮಗ್ಗಿ ಹೇಳಿ ಬೀಗಿದರೆ, "ಇಡೀದರ ಮಗ್ಗಿ ಕತ್ತಿಗೂ ಬರ್ತದ" ಎನ್ನುತ್ತಿದ್ದ.

1948ರ ಸೆಪ್ಟೆಂಬರ್ ತನಕ ನಾವು ನಿಜಾಮನ ಪ್ರಜೆಗಳು. ಇಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಪಡುವಣದ ಸೊಲ್ಲಾಪುರ ಇಂಗ್ರೇಜಿ ಮುಲುಕು, ಅಲ್ಲಿ ಕಲ್ದಾರ್ ರೂಪಾಯಿ. ತೊಗರಿ ಮಾರಲು ಹೋದವನಿಗೆ ಎರಡೂ ಬೇಕು. ಏಳು ಹಾಲಿಗೆ ಆರು ಕಲ್ದಾರ್. ಪೇಟೆಯ ಬಾಯಲ್ಲಿ ಅದು ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಎಂದಾಗುತ್ತಿತ್ತು. ನಾನು ತಿಳಿಯುವ ಹೊತ್ತಿಗೆ ಹಾಲಿಯೂ ಹೋಗಿತ್ತು, ಆಣೆಯೂ ಹೋಗುತ್ತಿತ್ತು, ನಯಾ ಪೈಸೆ ಬಂದಿತ್ತು. ಮುತ್ಯಾನ ತಲೆಯಲ್ಲಿ ಮಾತ್ರ ನಿಜಾಮನ ಟಂಕಸಾಲೆ ಬಾಗಿಲು ಮುಚ್ಚಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಕೇಳಿದ: "ಏಳುನೂರು ಹಾಲಿ ತಗೊಂಡು ಸೊಲ್ಲಾಪುರಕ್ಕ ಹೋದಿ. ಎಷ್ಟು ಕಲ್ದಾರ?"

"ಏಳನೇ ಪಾಲು ತೆಗೀಬೇಕು. ಆರುನೂರು."

"ಶಾಣ್ಯಾ. ವ್ಯಾಪಾರ ಆಗಲಿಲ್ಲ. ಆರುನೂರೂ ತಿರುಗಿ ತಂದಿ. ಈಗೆಷ್ಟು ಹಾಲಿ?"

ತೆಗೆದದ್ದು ಏಳನೆಯ ಪಾಲು, ಸೇರಿಸಬೇಕಾದದ್ದೂ ಏಳನೆಯ ಪಾಲು. ಸ್ಲೇಟಿನ ಮೇಲೆ ಗೀಚಿ ಗೀಚಿ ಆರುನೂರ ಎಂಬತ್ತೈದು ಚಿಲ್ಲರೆ ಅಂದೆ. ಮುತ್ಯಾ ಜೋರಾಗಿ ನಕ್ಕ. "ಬರೇ ಹೋಗಿ ಬಂದದ್ದಕ್ಕ ಹದಿನಾಲ್ಕೂಕಾಲು ರೂಪಾಯಿ ಕಳಕೊಂಡಿ. ನಿನ್ನ ಕೈಯಾಗ ಅಂಗಡಿ ಕೊಟ್ರ ನನಗ ಚಿಪ್ಪು."

ಆಮೇಲೆ ಏಳು ಹುಣಸೆಬೀಜ ಸಾಲಾಗಿ ಇಟ್ಟ. ಒಂದನ್ನು ತೆಗೆದ. "ಇದು ಎಷ್ಟನೇ ಪಾಲು?" ಏಳನೆಯದು. "ಯಾತರದು?" ಏಳರದು. ಅದೇ ಬೀಜವನ್ನು ಮತ್ತೆ ಉಳಿದ ಆರರ ಪಕ್ಕಕ್ಕೆ ತಂದಿಟ್ಟ. "ಈಗ ಇದು ಎಷ್ಟನೇ ಪಾಲು? ಯಾತರದು?"

ಆರರಲ್ಲಿ ಆರನೆಯ ಪಾಲು! ಬೀಜ ಅದೇ, ಪಾಲು ಬೇರೆ. ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಏನೋ ಟಪ್ ಅಂದ ಹಾಗಾಯಿತು. ಇವತ್ತು ಅಂಗಡಿಯವನು ಬೆಲೆಯನ್ನು ಶೇಕಡಾ 20 ಇಳಿಸಿ, ಮರುದಿನ ಶೇಕಡಾ 20 ಏರಿಸಿ, ಮೊದಲಿನದೇ ಆಯಿತಲ್ಲ ಅಂದುಕೊಂಡರೆ ನೂರಕ್ಕೆ ನಾಲ್ಕು ರೂಪಾಯಿ ಅವನಿಗೇ ಖೋತಾ. ಬ್ಯಾಂಕಿನಲ್ಲಿ ಪದವೀಧರ ಸಹೋದ್ಯೋಗಿಗಳಿಗೆ ಇದನ್ನು ತಿಳಿಸಿ ಹೇಳಬೇಕಾದಾಗಲೆಲ್ಲ ನಾನು ಹುಣಸೆಬೀಜ ಹುಡುಕುತ್ತಿದ್ದೆ. ಬ್ಯಾಂಕಿನಲ್ಲಿ ಗುಂಡುಪಿನ್ನು ಸಿಗುತ್ತಿದ್ದವು, ಅದರಲ್ಲೇ ಸುಧಾರಿಸುತ್ತಿದ್ದೆ.

ಮುಂದೆ ಹೈಸ್ಕೂಲಿಗೆ ಹುಮನಾಬಾದ್. ಮಧ್ಯೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಬಸ್ಸು ಬಂದರೆ ಒಂದು ತಾಸು, ಬಾರದಿದ್ದರೆ ಎಷ್ಟಾದರೂ; ವೇಗ, ಕಾಲ, ದೂರದ ಲೆಕ್ಕ ಆ ಬಸ್ಸಿಗೆ ಒಗ್ಗುತ್ತಿರಲಿಲ್ಲ. ಅಲ್ಲಿ ಸಿಕ್ಕ ಮೇಷ್ಟ್ರೊಬ್ಬರು ಹಲಗೆಗೆ ಬೆನ್ನು ಹಾಕುವ ಜಾತಿ, ಅಂದರೆ ಮುಖ ನಮ್ಮ ಕಡೆ. ನಮ್ಮ ಬೀಜಗಣಿತ ದಡ್ಡತನದ ಬೇರು ಎರಡನೆಯ ಇಯತ್ತೆಯಲ್ಲಿದೆ ಎಂದು ಕಂಡುಹಿಡಿದು ಅಲ್ಲಿಂದಲೇ ಶುರು ಮಾಡಿದರು. ಹತ್ತರ ಐದು ನೋಟು, ಒಂದರ ಎರಡು ನಾಣ್ಯ ಮೇಜಿನ ಮೇಲೆ ಇಟ್ಟು, "ನನಗ ಇಪ್ಪತ್ತೇಳು ಕೊಡು" ಅಂದರು. ಐವತ್ತೆರಡರಲ್ಲಿ ಇಪ್ಪತ್ತೇಳು! ನಾನು ಹಳೆಯ ಗಾಯ ಮುಟ್ಟಿಕೊಂಡು, "ಮಗ್ಗಲ ಮನಿಯಿಂದ ಸಾಲ..." ಎಂದು ಶುರು ಮಾಡಿದೆ.

"ನಿನ್ನ ಕೈಯಾಗ ಐವತ್ತೆರಡು ರೂಪಾಯಿ ಇಟ್ಕೊಂಡು ಮಂದಿ ಮನಿಗಿ ಸಾಲಕ್ಕ ಯಾಕ ಹೋಗ್ತಿ? ನೋಟು ಮುರಿಸು."

ಅಷ್ಟೇ. ನೋಟು ಮುರಿಸುವುದು. ಹತ್ತರ ನೋಟು ಒಂದೇ ಹಾಳೆ, ಮುರಿಸಿದರೆ ಒಂದರ ಹತ್ತು ನಾಣ್ಯ. ಒಂದು ಹತ್ತಾದದ್ದು ಹಾಗೆ. ತಿರುಗಿ ಕೊಡುವ ಮಾತೇ ಇಲ್ಲ, ದುಡ್ಡು ನಿನ್ನದೇ. ಏಳು ವರ್ಷದ ಹಿಂದಿನ ಎರಡೂ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಸಿಕ್ಕಿತ್ತು. ಮೂರು ಏಟು ಮಾತ್ರ ವಾಪಸು ಬರಲಿಲ್ಲ. 'ಸಾಲ' ಎಂಬ ಒಂದು ಶಬ್ದ ಆರಿಸಿದ ಪುಣ್ಯಾತ್ಮ ಎಷ್ಟು ಮಕ್ಕಳನ್ನು ಸುಮ್ಮನೆ ಋಣದಲ್ಲಿ ಕೆಡವಿದನೋ!

ಶಬ್ದದ ಮಾತು ಬಂತು. ನಮ್ಮ ಕಡೆ ಗಣಿತ ಕಲಿಸುವುದಕ್ಕೆ ಗಣಿತ ಬಂದರಷ್ಟೇ ಸಾಲದು. ಮಗ್ಗಿಗೆ ಕನ್ನಡದವರು ಮಗ್ಗಿ ಎನ್ನುತ್ತಾರೆ, ಮರಾಠಿಯವರು ಪಾಢೇ, ಉರ್ದುವಿನವರು ಪಹಾಡಾ. ಒಂದೇ ಮನೆಯಲ್ಲಿ ಅವ್ವ 'ಲೆಕ್ಕ' ಎಂದರೆ ಅಪ್ಪ 'ಹಿಸಾಬ್' ಎನ್ನುತ್ತಾನೆ. ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದ ಮಾಣಿಕಪ್ರಭುಗಳು ಹಲವು ಭಾಷೆಗಳಲ್ಲಿ ಪದ ಕಟ್ಟಿದರು. ನಮ್ಮ ಕಿರಾಣಿಯವರು ಅಷ್ಟೂ ಭಾಷೆಗಳಲ್ಲಿ ತೂಕ ಹಾಕುತ್ತಾರೆ. ಪೆಟ್ರೋಲು, ಸಕ್ಕರೆ, ಮೊಳ ಹೂವು ಎಲ್ಲ ಪಾವ್, ಸವ್ವಾ, ದೀಡ್, ಪೌಣೆದೋನ್, ಅಡೀಚ್‌ನಲ್ಲೇ.

ಕೆಲವು ವರ್ಷದ ಹಿಂದೆ ಮಂಡ್ಯದ ಕಡೆಯ ತರುಣ ಮೇಷ್ಟ್ರೊಬ್ಬರು ಇಲ್ಲಿಗೆ ಬಂದು ನಮ್ಮ ವಠಾರದಲ್ಲೇ ಬಾಡಿಗೆಗಿದ್ದರು. ಒಂದು ಸಂಜೆ ತಲೆ ಕೆಟ್ಟು ಕೂತಿದ್ದರು. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂದರೆ ತರಗತಿಯಲ್ಲಿ ಒಂದು ಕೈಯೂ ಏಳಲಿಲ್ಲವಂತೆ. 'ತಿರುಗಿಸಿ ಗುಣಿಸಿ' ಎಂದು ಹೇಳಿಕೊಟ್ಟಿದ್ದಾಗಿತ್ತು. ಮಕ್ಕಳು ಕೆಲವರು ಮೊದಲನೆಯದನ್ನು ತಿರುಗಿಸಿದ್ದರು, ಕೆಲವರು ಎರಡನ್ನೂ ತಿರುಗಿಸಿದ್ದರು, ಒಬ್ಬ ಪುಸ್ತಕವನ್ನೇ ತಿರುಗಿಸಿದ್ದ. ಆ ಹೊತ್ತಿಗೆ ಹಾಲಿನಾಕೆ ಬಂದಳು. ನಾನು ಕೇಳಿದೆ: "ಯವ್ವಾ, ಪೌಣೆದೋನ್ ಸೇರ ಹಾಲದ. ಅರ್ಧ ಸೇರಿನ ಲೋಟದಾಗ ಹಾಕಿದ್ರ ಎಷ್ಟು ಲೋಟ?"

"ಮೂರೂವರಿ. ಯಾಕ್ರೀ, ಇವತ್ತು ಜಾಸ್ತಿ ಬೇಕೇನು?"

ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ಆಕೆಗೆ ಏನನ್ನೂ ತಿರುಗಿಸುವ ಅಗತ್ಯ ಬೀಳಲಿಲ್ಲ, ಲೋಟವನ್ನು ಬಿಟ್ಟರೆ. ಮರುದಿನ ಅವರು ತರಗತಿಗೆ ತಂಬಿಗೆ, ಲೋಟ, ನೀರು ಒಯ್ದರು. ನೆಲ ಒದ್ದೆಯಾಗಿ ಹೆಡ್‌ಮಾಸ್ಟರ ಕೈಲಿ ಬೈಸಿಕೊಂಡರು. ಆದರೆ ಅರ್ಧದಿಂದ ಭಾಗಿಸಿದರೆ ಉತ್ತರ ಯಾಕೆ ದೊಡ್ಡದಾಗುತ್ತದೆ ಎಂದು ಆ ಮಕ್ಕಳನ್ನು ಯಾರೂ ಮತ್ತೆ ಹೆದರಿಸಲಾರರು. ಸಣ್ಣ ಲೋಟ, ಹೆಚ್ಚು ಲೋಟ.

ಈ ಒಂದೂಮುಕ್ಕಾಲು ಮತ್ತು ಅರ್ಧದ ಲೆಕ್ಕಕ್ಕೆ ಹೊರಗಡೆಯೂ ಹೆಸರಿದೆ. ಲಿಪಿಂಗ್ ಮಾ ಎಂಬಾಕೆ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರ ಮುಂದಿಟ್ಟ ಕತೆ ಇದೆ. ಉತ್ತರ ಹೇಳಿ, ಆಮೇಲೆ ಈ ಲೆಕ್ಕಕ್ಕೆ ಹೊಂದುವ ಒಂದು ಸಂದರ್ಭ ಹೇಳಿ ಅಂತ ಪ್ರಶ್ನೆ. ಅಮೆರಿಕದವರಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೆ ಉತ್ತರ ಸರಿ ಬಂತು. ಸರಿಯಾದ ಸಂದರ್ಭ ಹೊಳೆದದ್ದು ಒಬ್ಬರಿಗೆ ಮಾತ್ರ. ಬಹಳ ಜನ ಅರ್ಧದಿಂದ ಭಾಗಿಸುವುದನ್ನು ಎರಡರಿಂದ ಭಾಗಿಸುವುದರ ಜೊತೆ ಕಲಸಿದ್ದರು. ಚೀನಾದವರಲ್ಲಿ ಎಲ್ಲರ ಉತ್ತರವೂ ಸರಿ, ಹತ್ತರಲ್ಲಿ ಒಂಬತ್ತು ಮಂದಿ ಸಂದರ್ಭವನ್ನೂ ಹೇಳಿದರು. ಹೆಚ್ಚು ವರ್ಷ ಕಾಲೇಜು ಓದಿದವರು ಅಮೆರಿಕದವರೇ ಎಂಬುದನ್ನು ಮರೆಯಬಾರದು. ನಮ್ಮ ಹಾಲಿನಾಕೆಯನ್ನು ಆ ಪಟ್ಟಿಯಲ್ಲಿ ಎಲ್ಲಿ ಸೇರಿಸುವುದೋ ನನಗೆ ತಿಳಿಯದು.

ಆದರೂ ಅವಳನ್ನು ತಲೆಯ ಮೇಲೆ ಹೊತ್ತು ಕುಣಿಯಲೂ ಆಗದು. ಬ್ರೆಜಿಲ್ಲಿನ ರೆಸೀಫೆ ಊರಲ್ಲಿ ಬೀದಿ ವ್ಯಾಪಾರದ ಐದು ಮಕ್ಕಳ ಲೆಕ್ಕವನ್ನು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಬರೆದರು. ಒಂದು ತೆಂಗಿನಕಾಯಿಗೆ 35, ಹತ್ತಕ್ಕೆ ಎಷ್ಟು ಎಂದರೆ ಹುಡುಗ ಮೂರಕ್ಕೆ 105, ಇನ್ನು ಮೂರು ಸೇರಿ 210, ಹೀಗೆ ಏರಿ 315, ಕೊನೆಗೆ 350 ಅಂದ. ಪಕ್ಕಕ್ಕೊಂದು ಸೊನ್ನೆ ಹಾಕಿದರೆ ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ತೆಂಗಿನಕಾಯಿಗೂ ಸಲ್ಲುತ್ತದೆಂದು ಗೊತ್ತಿರಲಿಲ್ಲ. ಬೀದಿಯಲ್ಲಿ ನೂರಕ್ಕೆ 98 ಸರಿ. ಅಂಥದೇ ಲೆಕ್ಕವನ್ನು ಶಾಲೆಯ ವೇಷ ಹಾಕಿಸಿ ಕೊಟ್ಟರೆ 37. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೊಲ್ಕತ್ತಾ, ದೆಹಲಿಯ ಮಾರುಕಟ್ಟೆಯ ಮಕ್ಕಳಲ್ಲಿ ನೋಡಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಹೇಳಿದ್ದೂ ಹೆಚ್ಚು ಕಡಿಮೆ ಅದೇ. ಜೊತೆಗೆ ಇನ್ನೊಂದು ಪೆಟ್ಟು: ಶಾಲೆಯ ಲೆಕ್ಕದಲ್ಲಿ ಚುರುಕಾದ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡಬಡಿಸಿದರು. ನಡುವೆ ಒಂದು ಗೋಡೆ ಇದೆ. ಆಚೆಯವರಿಗೆ ಈಚೆ ಕಾಣದು. ಗೋಡೆ ಕಟ್ಟಿದವರು ಯಾರೆಂದು ಕೇಳಿದರೆ ನಾನು ಮೇಷ್ಟ್ರುಗಳ ಕಡೆ ಬೆರಳು ತೋರಿಸಲಾರೆ. ಅವರಿಗೂ ಯಾರೋ ಬೆನ್ನು ಹಾಕಿಯೇ ಕಲಿಸಿದ್ದಾರೆ.

ಕಲ್ಯಾಣದಲ್ಲಿ ಹುಟ್ಟಿದವನು ಕಲ್ಯಾಣದ ಬಡಾಯಿ ಕೊಚ್ಚದೆ ಬರಹ ಮುಗಿಸಬಾರದು. ನಮ್ಮೂರಿನಂಥ ಪಟ್ಟಣ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರುವುದೂ ಇಲ್ಲ ಎಂಬರ್ಥದ ಮಾತನ್ನು ವಿಜ್ಞಾನೇಶ್ವರ ತನ್ನ 'ಮಿತಾಕ್ಷರಾ'ದ ಕೊನೆಗೆ ಬರೆದಿಟ್ಟ. ಆರನೆಯ ವಿಕ್ರಮಾದಿತ್ಯನ ಕಾಲ, 1076ರಿಂದ 1126. ವಕೀಲರು ಅವನನ್ನು ಆಸ್ತಿ ಪಾಲಿನ ಕಾಯಿದೆಗಾಗಿ ನೆನೆಯುತ್ತಾರೆ. ನಾನು ಅವನನ್ನು ಗಣಿತದ ಮೇಷ್ಟ್ರುಗಳ ಸಾಲಿಗೆ ಸೇರಿಸಿದ್ದೇನೆ. ಕಾರಣ ಇಷ್ಟು. ಮದುವೆಯಾಗದ ಅಕ್ಕತಂಗಿಯರಿಗೆ ಅಣ್ಣತಮ್ಮಂದಿರು ತಮ್ಮ ಪಾಲಿನಿಂದ ನಾಲ್ಕನೆಯ ಒಂದು ಕೊಡಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳಿ ಕೈತೊಳೆದುಕೊಂಡಿತು. ನಾಲ್ಕನೆಯ ಒಂದು ಅಂದರೆ ಯಾತರದು? ಇಡೀ ಆಸ್ತಿಯದೋ? ಒಬ್ಬೊಬ್ಬ ಅಣ್ಣನ ಪಾಲಿನದೋ? ಹತ್ತು ಅಣ್ಣಂದಿರು ಒಬ್ಬಳೇ ತಂಗಿ ಇದ್ದರೆ, ಹತ್ತೂ ಜನ ಕಾಲು ಕಾಲು ಕೊಟ್ಟರೆ ತಂಗಿಗೆ ಎರಡೂವರೆ ಪಾಲಾಗಿ ಅಣ್ಣಂದಿರು ಬಾಯಿ ಬಾಯಿ ಬಿಡಬೇಕಾಗುತ್ತದೆ.

ವಿಜ್ಞಾನೇಶ್ವರ ಸೂತ್ರ ಉರುಹೊಡೆಸಲಿಲ್ಲ, ಹುಣಸೆಬೀಜ ತೆಗೆದ. ಒಬ್ಬ ಮಗ, ಒಬ್ಬಳು ಮಗಳೇ? ಆಸ್ತಿಯನ್ನು ಮೊದಲು ಎರಡು ಮಾಡು. ಅದರಲ್ಲಿ ಒಂದನ್ನು ನಾಲ್ಕು ಮಾಡಿ ಒಂದನ್ನು ಮಗಳಿಗೆ ಕೊಡು. ಅಂದರೆ ಎಂಟನೆಯ ಒಂದು. ಇಬ್ಬರು ಗಂಡು, ಒಂದು ಹೆಣ್ಣೇ? ಮೂರು ಮಾಡು, ಒಂದನ್ನು ನಾಲ್ಕು ಮಾಡು. ಅವಳಿಗೆ ಹನ್ನೆರಡನೆಯ ಒಂದು, ಉಳಿದದ್ದು ಅಣ್ಣತಮ್ಮಂದಿರಿಗೆ ಸಮ. ಅವಳೇ ಗಂಡಾಗಿ ಹುಟ್ಟಿದ್ದರೆ ಏನು ಬರುತ್ತಿತ್ತೋ ಅದರ ಕಾಲು ಎಂಬುದು ಅವನ ಉತ್ತರ. ನ್ಯಾಯವಾಗಿ ಇದು ಸರಿಯೇ ಎಂದು ನನ್ನ ತಂಗಿಯನ್ನು ಕೇಳಿದರೆ ಆಕೆ ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ಮಾತೆತ್ತಿ, ಸಮಪಾಲು ಎಲ್ಲಿ ಎನ್ನುತ್ತಾಳೆ. ಆ ಮಾತಿಗೆ ನಾನು ಚಹಾ ತರಿಸುತ್ತೇನೆ. ಆದರೆ ಪಾಠವಾಗಿ ನೋಡಿ: ನಮ್ಮ ಮುತ್ಯಾ ಕೇಳಿದ ಪ್ರಶ್ನೆಯನ್ನೇ ಅವನೂ ಕೇಳಿದ್ದಾನೆ.

ಅದೇ ಊರಿನಲ್ಲಿ ಮುಂದೆ ಕರಣಿಕ ವೃತ್ತಿಯ ಬಸವಣ್ಣ ಬಿಜ್ಜಳನ ಭಂಡಾರದ ಲೆಕ್ಕ ನೋಡಿದ. ಅದೇ ಊರಿನಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದರೆ, ಹೆಂಡತಿ ಲಕ್ಕಮ್ಮ ಕಣ್ಣಳತೆಯಲ್ಲೇ ದಿನದ ಪಾಲಿಗಿಂತ ಹೆಚ್ಚಾಯಿತೆಂದು ತಿರುಗಿ ಕಳಿಸಿದಳು ಎಂದು ಕತೆ. ಎಷ್ಟು ಎಂಬುದಕ್ಕೆ ಉತ್ತರ ಹೇಳುವವರು ಬಹಳ, ಎಷ್ಟು ಸಾಕು ಎಂಬ ಲೆಕ್ಕ ಮಾಡಿದವಳು ಲಕ್ಕಮ್ಮ. ಇನ್ನು ಕಲಬುರಗಿ ದಾಟಿದರೆ ಮಳಖೇಡ. ಅಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅಡುಗೆಯಿಂದ ಸಂಗೀತದ ತನಕ, ಪ್ರಣಯದಲ್ಲೂ ಗಣಿತ ಬೇಕೆಂದು ಆರಂಭದಲ್ಲೇ ಹೇಳಿಬಿಟ್ಟ. ನಮ್ಮ ಪಠ್ಯಪುಸ್ತಕದವರು ಅಡುಗೆಯವರೆಗೆ ಬಂದು ನಿಂತರು. ಅವನಲ್ಲಿ ಪ್ರಣಯಕಲಹದಲ್ಲಿ ಹರಿದ ಮುತ್ತಿನ ಸರದ ಲೆಕ್ಕವಿದೆ, ಹಾರದಂತೆ ಕಾಣುವ ಸಂಖ್ಯೆಗಳ ಆಟವಿದೆ. 152207ನ್ನು 73ರಿಂದ ಗುಣಿಸಿ ನೋಡಿ. ಎಂಟು ಒಂದುಗಳು ಕೈಹಿಡಿದು ನಿಲ್ಲುತ್ತವೆ. ನನ್ನ ಮೊಮ್ಮಗಳಿಗೆ ಇದನ್ನು ಕೊಟ್ಟೆ. ಕ್ಯಾಲ್ಕ್ಯುಲೇಟರಿನಲ್ಲಿ ನೋಡಿದಳು, ನಂಬಲಿಲ್ಲ, ಕೈಯಿಂದ ಮಾಡಿದಳು. ಗುಣಾಕಾರಕ್ಕೆ ಅಷ್ಟು ಖುಷಿಯಿಂದ ಕೂತದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಇದನ್ನೆಲ್ಲ ಓದಿ, ಈ ಮುದುಕ ಮಗ್ಗಿ ಬೇಡ ಅನ್ನುತ್ತಾನೆ ಎಂದು ತಿಳಿಯಬೇಡಿ. ಮುತ್ಯಾನ ಔಟಕಿಯೂ ಬೆತ್ತದ ತುದಿಯಲ್ಲೇ ಬಂದದ್ದು. ಏಳೆಂಟಲೇ ಎಷ್ಟೆಂದು ಬೆರಳು ಮಡಿಸುತ್ತ ಕೂತವನಿಗೆ 'ಯಾತರದು' ಎಂದು ಕೇಳಲು ಪುರಸೊತ್ತಿರುವುದಿಲ್ಲ. ಬಾಯಿಗೆ ಬಂದದ್ದು ತಲೆಗೆ ಬಿಡುವು ಕೊಡುತ್ತದೆ. ನನ್ನ ತಕರಾರು ಒಂದೇ, ಬಾಯಿಪಾಠ ಮಾಡಿಸಿದವರು ಬಾಯಿ ಮುಚ್ಚಿಸಬಾರದು. 'ಅರ್ಥವಾದರೆ ಸಾಕು, ಮಗ್ಗಿ ಯಾಕೆ' ಎನ್ನುವ ಹೊಸ ಕಾಲದವರನ್ನು ನಾನು ಎರಡು ದಿನ ಅಡತಿ ಅಂಗಡಿಯಲ್ಲಿ ಕೂರಿಸಲು ಸಿದ್ಧ.

ಸುಮಾರು ಹತ್ತು ವರ್ಷದ ಹಿಂದೆ ನಮ್ಮ ಭಾಗದ ಸರ್ಕಾರಿ ಶಾಲೆಗಳಿಗೆ 'ಗಣಿತ ಕಲಿಕಾ ಆಂದೋಲನ'ದ ಪೆಟ್ಟಿಗೆಗಳು ಬಂದವು. ಮಣಿಚೌಕಟ್ಟು, ಗಡಿಯಾರ, ಭಿನ್ನರಾಶಿಯ ಪಟ್ಟಿಗಳು, ಆಟದ ನೋಟುಗಳು. ಆಟದ ನೋಟು ಕಂಡು ನನ್ನ ಹುಮನಾಬಾದಿನ ಮೇಷ್ಟ್ರು ನೆನಪಾಗಿ ಕಣ್ಣು ತುಂಬಿತು. ಅವರು ಸ್ವಂತ ಸಂಬಳದ ನೋಟು ತಂದು ಇಟ್ಟವರು. ಒಂದು ಶಾಲೆಯಲ್ಲಿ ಆ ಪೆಟ್ಟಿಗೆ ಎಲ್ಲಿ ಎಂದು ಕೇಳಿದೆ. ಬೀರುವಿನಲ್ಲಿತ್ತು, ಬೀಗ ಹಾಕಿತ್ತು. "ಮಕ್ಕಳ ಕೈಗೆ ಕೊಟ್ರ ಹಾಳ ಮಾಡ್ತಾವ್ರಿ." ಇನ್ನೊಂದು ಶಾಲೆಯಲ್ಲಿ ಮಣಿಗಳು ಕೆಲವು ಕಳೆದುಹೋಗಿದ್ದವು, ಪಟ್ಟಿಗಳು ಮುರಿದಿದ್ದವು, ನೋಟುಗಳಿಗೆ ಎಣ್ಣೆ ಹತ್ತಿತ್ತು. ಆ ಎರಡನೆಯ ಶಾಲೆಗೆ ನನ್ನ ಮೊಮ್ಮಗಳನ್ನು ಹಾಕಲು ಹೇಳಿದೆ. ಮಗ ಕೇಳಲಿಲ್ಲ, ಈಗ ಅವಳು ಇಂಗ್ಲಿಷ್ ಮಾಧ್ಯಮದಲ್ಲಿ ಸಾಲ ತರುತ್ತಿದ್ದಾಳೆ.

ಜಲಸಂಗ್ವಿಯ ಹುಡುಗಿಯನ್ನು ನೋಡಲು ಹೋಗುವವರಿಗೆ ಒಂದು ಮಾತು. ಹುಮನಾಬಾದಿನಲ್ಲಿ ಆಟೋ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಸವ್ವಾ ಸೌ ಎಂದರೆ ನೂರಾ ಒಂದೂ ಅಲ್ಲ, ನೂರೂಕಾಲೂ ಅಲ್ಲ, ನೂರಾ ಇಪ್ಪತ್ತೈದು. ಮಂಡ್ಯದ ಮೇಷ್ಟ್ರು ನೂರಾ ಒಂದು ರೂಪಾಯಿ ತೆಗೆದುಕೊಟ್ಟು, "ಚಿಲ್ಲರೆ ನೀವೇ ಇಟ್ಕೊಳ್ಳಿ" ಅಂದಿದ್ದರಂತೆ.